ಮಾತ್ರೆ ಬಿಟ್ಟು ಊಟದಿಂದಲೇ ಖಿನ್ನತೆ ಗುಣವಾಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ವಾಸ. ಮನೆಯಲ್ಲಿ ಯಜಮಾನರು, ಪಿಯುಸಿ ಓದುವ ಮಗ, ಎಂಟನೆಯ ತರಗತಿಯ ಮಗಳು ಮತ್ತು ಅತ್ತೆಯವರಿದ್ದಾರೆ. ನಾವು ಸಸ್ಯಾಹಾರಿಗಳು. ಐದು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಕೆಲವು ತಿಂಗಳ ಹಿಂದೆ ಯಾವುದರಲ್ಲೂ ಮನಸ್ಸಿಲ್ಲದಂತಾಗಿ, ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗಿ, ಎದೆಯೆಲ್ಲ ಭಾರವಾಗಿ, ಅಡುಗೆಮನೆಗೆ ಹೋಗುವುದಕ್ಕೂ ಆಗದ ಸ್ಥಿತಿ ಬಂತು. ಮನೋವೈದ್ಯರು ಖಿನ್ನತೆ ಎಂದು ಹೇಳಿ ಎಸಿಟಲೊಪ್ರಾಮ್ 10 ಮಿ.ಗ್ರಾಂ. ಮಾತ್ರೆ ಕೊಟ್ಟು ಎರಡೂವರೆ ತಿಂಗಳಾಯಿತು. ನಿದ್ದೆ ಸುಧಾರಿಸಿದೆ, ಉತ್ಸಾಹ ಮಾತ್ರ ಬಂದಿಲ್ಲ. ಬೆಳಗಿನ ತಿಂಡಿ ಸೇರುವುದಿಲ್ಲ. ದಿನಕ್ಕೆ ಐದಾರು ಸಲ ಕಾಫಿ ಕುಡಿಯುತ್ತೇನೆ, ಮಧ್ಯಾಹ್ನ ಮೂರು ಗಂಟೆಗೆ ಒಂದಿಷ್ಟು ಅನ್ನ ಸಾರು. “ಈ ಮಾತ್ರೆ ಅಭ್ಯಾಸವಾದರೆ ಜೀವನಪೂರ್ತಿ ಬಿಡಲಿಕ್ಕಾಗುವುದಿಲ್ಲ, ಒಳ್ಳೆಯ ಊಟ, ವಾಕಿಂಗ್, ಯೋಗದಿಂದಲೇ ವಾಸಿಮಾಡಿಕೋ” ಎನ್ನುತ್ತಾರೆ ನಮ್ಮ ಚಿಕ್ಕಪ್ಪ. ಮಾತ್ರೆ ನಿಲ್ಲಿಸಬಹುದೇ? ಏನು ತಿನ್ನಬೇಕು? ವಿಟಮಿನ್ ಮಾತ್ರೆಗಳು ಬೇಕೇ? ಬೆಳಿಗ್ಗೆ ಎದ್ದು ನಡೆಯಲು ಆಗುವುದೇ ಇಲ್ಲ, ಏನು ಮಾಡಲಿ? ನವರಾತ್ರಿಯಲ್ಲಿ ಒಪ್ಪೊತ್ತು ಮಾಡುವ ರೂಢಿ ಇದೆ, ಈ ಸಲ ಮಾಡಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಮಾತ್ರೆಯನ್ನು ಈಗ ನಿಲ್ಲಿಸಬೇಡಿ. ಎಸಿಟಲೊಪ್ರಾಮ್ ಗುಂಪಿನ ಔಷಧಗಳು ಕೆಲಸ ಆರಂಭಿಸುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಸುಧಾರಣೆಯೂ ಎಲ್ಲ ಲಕ್ಷಣಗಳಲ್ಲಿ ಒಟ್ಟಿಗೆ ಕಾಣಿಸುವುದಿಲ್ಲ. ಸಾಮಾನ್ಯವಾಗಿ ನಿದ್ದೆ, ಹಸಿವು, ಗಾಬರಿ ಮೊದಲು ಸರಿಹೋಗುತ್ತವೆ, ಉತ್ಸಾಹ ಮತ್ತು ಆಸಕ್ತಿ ಎಲ್ಲಕ್ಕಿಂತ ತಡವಾಗಿ ಮರಳುತ್ತವೆ. ಆದ್ದರಿಂದ ನಿಮ್ಮ ನಿದ್ದೆ ಸುಧಾರಿಸಿರುವುದು ಔಷಧ ನಾಟುತ್ತಿದೆ ಎನ್ನುವುದರ ಗುರುತು. ಆದರೆ ಎರಡೂವರೆ ತಿಂಗಳ ನಂತರವೂ ಸುಧಾರಣೆ ಅರ್ಧಕ್ಕೇ ನಿಂತಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಪ್ರಮಾಣವನ್ನು ಹೆಚ್ಚಿಸುವುದು, ಔಷಧವನ್ನು ಬದಲಿಸುವುದು, ಆಪ್ತಸಮಾಲೋಚನೆಯನ್ನು ಜೊತೆಗೆ ಸೇರಿಸುವುದು ಇವೆಲ್ಲ ಅವರ ಕೈಯಲ್ಲಿರುವ ದಾರಿಗಳು. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸಿ ನಿಲ್ಲಿಸುವುದು ಮೊದಲ ಬಾರಿಯ ಖಿನ್ನತೆಯಲ್ಲಿ ಅನುಸರಿಸುವ ಕ್ರಮ.

“ಅಭ್ಯಾಸವಾಗುತ್ತದೆ” ಎಂಬ ಭಯ ನಿಮ್ಮ ಚಿಕ್ಕಪ್ಪನವರೊಬ್ಬರದೇ ಅಲ್ಲ. ನನ್ನ ಬಳಿ ಬರುವ ಹೆಚ್ಚಿನ ಕುಟುಂಬಗಳಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಇರುತ್ತಾರೆ, ಅದೂ ಕಾಳಜಿಯಿಂದಲೇ. ಮದ್ಯ, ತಂಬಾಕು ಅಥವಾ ಕೆಲವು ನಿದ್ದೆಮಾತ್ರೆಗಳಂತೆ ಈ ಔಷಧಕ್ಕಾಗಿ ಮನಸ್ಸು ಹಾತೊರೆಯುವುದಿಲ್ಲ, ಅದೇ ಪರಿಣಾಮಕ್ಕಾಗಿ ದಿನದಿನಕ್ಕೆ ಹೆಚ್ಚು ನುಂಗಬೇಕಾದ ಪರಿಸ್ಥಿತಿಯೂ ಬರುವುದಿಲ್ಲ. ಹಠಾತ್ತಾಗಿ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಕೆಲವು ದಿನ ಇರಬಹುದು. ಮೆದುಳು ಹೊಂದಿಕೊಳ್ಳಲು ಸಮಯ ಕೊಡದಿದ್ದಾಗ ಹೀಗಾಗುತ್ತದೆ, ನಿಧಾನವಾಗಿ ಇಳಿಸಿದರೆ ಬಹುಪಾಲು ತಪ್ಪುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಅರ್ಧ ವಾಸಿಯಾದ ಖಿನ್ನತೆ ಚಿಕಿತ್ಸೆ ನಿಂತ ಕೂಡಲೇ ಮರುಕಳಿಸುವುದು.

ಹಾಗೆಂದು ನಿಮ್ಮ ಚಿಕ್ಕಪ್ಪ ಹೇಳಿದ ಉಳಿದ ಮಾತನ್ನು ತಳ್ಳಿಹಾಕಬೇಡಿ. ಊಟ, ನಡಿಗೆ, ನಿದ್ದೆಯ ಶಿಸ್ತು ಖಿನ್ನತೆಯ ಮೇಲೆ ನಿಜವಾದ ಪರಿಣಾಮ ಬೀರುತ್ತವೆ ಎನ್ನುವುದಕ್ಕೆ ಇಂದು ಆಧಾರಗಳಿವೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯಿದ್ದು ಆಹಾರ ಕ್ರಮವೂ ಕೆಟ್ಟಿದ್ದ 67 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹನ್ನೆರಡು ವಾರ ಆಹಾರ ತಜ್ಞರ ಮಾರ್ಗದರ್ಶನವನ್ನೂ ಇನ್ನೊಂದಕ್ಕೆ ಅಷ್ಟೇ ಸಮಯದ ಆತ್ಮೀಯ ಮಾತುಕತೆಯನ್ನೂ ಕೊಟ್ಟರು. ಕೊನೆಯಲ್ಲಿ ಆಹಾರ ಬದಲಿಸಿದವರಲ್ಲಿ ಸುಮಾರು ಶೇ 32 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾತುಕತೆಯ ಗುಂಪಿನಲ್ಲಿ ಆ ಪ್ರಮಾಣ ಶೇ 8. ಇದು ಚಿಕ್ಕ ಪ್ರಯೋಗ. ತಾವು ಯಾವ ಗುಂಪಿನಲ್ಲಿದ್ದೇವೆ ಎನ್ನುವುದು ಭಾಗವಹಿಸಿದವರಿಗೆ ಗೊತ್ತಿತ್ತು. ನಿಮಗೆ ಇನ್ನೂ ಮುಖ್ಯವಾದ ಸಂಗತಿ ಏನೆಂದರೆ, ಅವರಲ್ಲಿ ಹೆಚ್ಚಿನವರು ಔಷಧವನ್ನೋ ಆಪ್ತಸಮಾಲೋಚನೆಯನ್ನೋ ಪಡೆಯುತ್ತಲೇ ಇದ್ದರು. ಅಂದರೆ ಒಳ್ಳೆಯ ಊಟ ಚಿಕಿತ್ಸೆಗೆ ಬಲ ಕೊಟ್ಟಿತು ಎನ್ನುವಷ್ಟು ಈ ಫಲಿತಾಂಶ ಹೇಳುತ್ತದೆ. ಊಟ ಚಿಕಿತ್ಸೆಯ ಜಾಗವನ್ನು ತುಂಬಿತು ಎಂದು ಅದರಿಂದ ಅರ್ಥ ಮಾಡಿಕೊಳ್ಳಲಾಗದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಬಾಳೆಹಣ್ಣು ತಿಂದರೆ ಮನಸ್ಥಿತಿಯೊಡನೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಕರುಳಿನಲ್ಲಿಯೇ ಶೇ 90ರಷ್ಟು ಸೆರೊಟೋನಿನ್ ಇರುವುದರಿಂದ ಮೊಸರು ತಿಂದರೆ ಮನಸ್ಸು ಹಗುರವಾಗುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತವೆ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲಿ ತಯಾರಾಗುವುದು ನಿಜ. ಆದರೆ ಅದು ರಕ್ತದಿಂದ ಮೆದುಳಿನೊಳಕ್ಕೆ ದಾಟುವುದಿಲ್ಲ, ಬಾಳೆಹಣ್ಣಿನಲ್ಲಿರುವ ಸೆರೊಟೋನಿನ್ ಕೂಡ ದಾಟುವುದಿಲ್ಲ. ಮೊಸರನ್ನೂ ಬಾಳೆಹಣ್ಣನ್ನೂ ಅವು ಒಳ್ಳೆಯ ಆಹಾರವೆಂದು ತಿನ್ನಿ, ಔಷಧವೆಂದು ತಿನ್ನಬೇಡಿ. ಆಸ್ಟ್ರೇಲಿಯಾದ ಪ್ರಯೋಗದಲ್ಲಿಯೂ ಬದಲಾದದ್ದು ಇಡೀ ದಿನದ ಊಟದ ರೀತಿ: ಇಡಿ ಧಾನ್ಯ, ಕಾಳು, ತರಕಾರಿ, ಹಣ್ಣು, ಕಾಯಿಬೀಜಗಳು ಹೆಚ್ಚಾದವು, ಸಿಹಿ, ಮೈದಾ, ಕರಿದ ತಿಂಡಿ, ಸಕ್ಕರೆ ಪಾನೀಯಗಳು ಕಡಿಮೆಯಾದವು. ಅಲ್ಲಿ ಆಲಿವ್ ಎಣ್ಣೆ, ಮೀನು ಇದ್ದವು. ನಮ್ಮಲ್ಲಿ ಅದೇ ತತ್ವಕ್ಕೆ ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು, ಕಡಲೆಕಾಯಿ ಇವೆ.

ಈಗ ನನ್ನ ಉತ್ತರದ ಮುಖ್ಯ ಭಾಗಕ್ಕೆ ಬರುತ್ತೇನೆ. ಏನು ತಿನ್ನಬೇಕು ಎಂದು ನೀವು ಕೇಳಿದ್ದೀರಿ. ಅದಕ್ಕಿಂತ ಮೊದಲು ಕೇಳಬೇಕಾದದ್ದು ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು, ಕೊನೆಯಲ್ಲಿ ಊಟಕ್ಕೆ ಕೂರುವವರು ಯಾರು ಎನ್ನುವುದು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ, ಅದರಲ್ಲಿಯೂ ಮಹಿಳೆಯರಲ್ಲಿ ಮತ್ತು 40ರಿಂದ 49ರ ವಯಸ್ಸಿನವರಲ್ಲಿ ಅದು ಹೆಚ್ಚು. ಮನೆಯ ಅಡುಗೆಯ ಪೂರ್ಣ ಹೊಣೆ ಹೊತ್ತಿರುವವರೂ ನಮ್ಮಲ್ಲಿ ಬಹುಮಟ್ಟಿಗೆ ಇದೇ ವಯಸ್ಸಿನ ಮಹಿಳೆಯರು. ಒಂದು ಲೋಟ ತೊಳೆಯುವುದಕ್ಕೂ ಕೈ ಏಳದ ಸ್ಥಿತಿಯಲ್ಲಿರುವವರಿಗೆ “ಮೊಳಕೆ ಕಾಳು ತಿನ್ನಿ, ಸೊಪ್ಪು ತಿನ್ನಿ” ಎಂದರೆ ಅವರ ಪಾಲಿಗೆ ಅದು ಇನ್ನಷ್ಟು ನೆನೆಹಾಕುವ, ಬಿಡಿಸುವ, ಹೆಚ್ಚುವ ಕೆಲಸವಾಗುತ್ತದೆ. ಎರಡು ದಿನ ಮಾಡಿ ಮೂರನೆಯ ದಿನ ಕೈಬಿಟ್ಟಾಗ, “ಇಷ್ಟೂ ನನ್ನಿಂದ ಆಗಲಿಲ್ಲ” ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತನ್ನನ್ನು ತಾನೇ ಹಳಿದುಕೊಳ್ಳುವುದು ಖಿನ್ನತೆಯ ಲಕ್ಷಣಗಳಲ್ಲಿ ಒಂದಾಗಿರುವುದರಿಂದ, ಒಳ್ಳೆಯ ಉದ್ದೇಶದ ಸಲಹೆಯೇ ಕಾಯಿಲೆಯ ಕೈ ಬಲಪಡಿಸಿದಂತಾಗುತ್ತದೆ.

ಆದ್ದರಿಂದ ಈ ಉತ್ತರದ ಮುಂದಿನ ಭಾಗವನ್ನು ನಿಮ್ಮ ಯಜಮಾನರಿಗೂ ಮಕ್ಕಳಿಗೂ ಓದಲು ಕೊಡಿ. ರಾತ್ರಿ ಒಂದು ಬೊಗಸೆ ಹುರುಳಿಯನ್ನೋ ಹೆಸರುಕಾಳನ್ನೋ ನೆನೆಹಾಕುವುದು ಎಂಟನೆಯ ತರಗತಿಯ ಹುಡುಗಿಗೂ ಪಿಯುಸಿ ಹುಡುಗನಿಗೂ ಕಷ್ಟದ ಕೆಲಸವಲ್ಲ. ನಿಮ್ಮ ಕಡೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಅತ್ತೆಯವರು ಕೂತಲ್ಲಿಯೇ ದಂಟಿನ ಸೊಪ್ಪು ಬಿಡಿಸಿಕೊಟ್ಟರೆ, ಯಜಮಾನರು ನೆನೆದ ಕಾಳನ್ನು ಕುಕ್ಕರಿನಲ್ಲಿ ಕೂಗಿಸಿ, ಸೊಪ್ಪು ಸೇರಿಸಿ ಒಂದು ಕುದಿ ಬರಿಸಿ ಬಸಿದರೆ, ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು ಕಾಳು ಪಲ್ಯಕ್ಕೆ. ಒಂದೇ ಬೇಯಿಸುವಿಕೆಯಲ್ಲಿ ಪ್ರೋಟೀನು, ಕಬ್ಬಿಣ, ಫೋಲೇಟು, ನಾರು ನಾಲ್ಕೂ ಒದಗುತ್ತವೆ. ಅನೇಕ ಮನೆಗಳಲ್ಲಿ ಆಗುವುದೇನೆಂದರೆ, ಪಲ್ಯದ ಬಹುಪಾಲು ಗಂಡಸರ ಮತ್ತು ಮಕ್ಕಳ ತಟ್ಟೆಗೆ ಹೋಗಿ, ಎಲ್ಲರದೂ ಮುಗಿದ ಮೇಲೆ ಕೂರುವ ಗೃಹಿಣಿಯ ತಟ್ಟೆಯಲ್ಲಿ ಅನ್ನದ ಗುಡ್ಡೆಯೂ ಅದರ ಮೇಲೆ ತಿಳಿಸಾರೂ, ಕೊನೆಗೆ ಒಂದಿಷ್ಟು ಮಜ್ಜಿಗೆಯೂ ಇರುತ್ತವೆ. ನಿಮ್ಮ ಮೂರು ಗಂಟೆಯ “ಒಂದಿಷ್ಟು ಅನ್ನ ಸಾರು” ನನಗೆ ಹಾಗೆಯೇ ಕಾಣಿಸುತ್ತದೆ. ನಿಮ್ಮ ತಟ್ಟೆಗೆ ಮೊದಲು ಎರಡು ಸೌಟು ಕಾಳಿನ ಪಲ್ಯ ಬೀಳಲಿ, ಆಮೇಲೆ ಚಿಕ್ಕದೊಂದು ಮುದ್ದೆ ಅಥವಾ ಒಂದು ಬಟ್ಟಲು ಅನ್ನ, ಸಾರು, ಮೊಸರು. ಬಡಿಸುವವರು ನೀವಲ್ಲದೆ ಬೇರೆಯವರಾದರೆ ಇದು ತಾನಾಗಿಯೇ ನಡೆಯುತ್ತದೆ. ಮೂರು ಗಂಟೆಯವರೆಗೆ ಕಾಯದೆ, ಒಂದೂವರೆಯೊಳಗೆ ಊಟವಾಗಲಿ.

ಪ್ರೋಟೀನಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.83 ಗ್ರಾಂ ಪ್ರೋಟೀನು ಬೇಕು; 60 ಕಿಲೋ ತೂಗುವವರಿಗೆ ಅದು 50 ಗ್ರಾಂ ಆಗುತ್ತದೆ. ಕಾಫಿ, ಅನ್ನ, ತಿಳಿಸಾರಿನ ದಿನದಲ್ಲಿ ಅದರ ಅರ್ಧ ಸಿಗುವುದೂ ಕಷ್ಟ. ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳು, ಎರಡು ಲೋಟ ಹಾಲು ಮೊಸರು, ಒಂದು ಹಿಡಿ ಕಡಲೆಕಾಯಿ, ಆಗಾಗ ಪನೀರು ಅಥವಾ ಸೋಯಾ ಸೇರಿದರೆ ಸಸ್ಯಾಹಾರಿಗಳೂ ಆ ಮಟ್ಟ ತಲುಪಬಹುದು. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿಯನ್ನು ನೀವೂ ರೂಢಿ ಮಾಡಿಕೊಳ್ಳಬಹುದು. ದಿನಕ್ಕೆ ಎರಡು ಚಮಚ ಸಾಕು. ಅದರಲ್ಲಿ ಒಮೆಗಾ 3 ಕೊಬ್ಬಿನ ಸಸ್ಯರೂಪವಿದೆ. ಮೆದುಳಿಗೆ ಬೇಕಾದ ರೂಪಕ್ಕೆ ಅದು ಪರಿವರ್ತನೆಯಾಗುವುದು ಸ್ವಲ್ಪವೇ. ಮೀನು ತಿನ್ನುವ ಓದುಗರಿಗೆ ಬಂಗುಡೆ, ಬೂತಾಯಿ ಹೆಚ್ಚು ಉಪಯುಕ್ತ.

ಬೆಳಗಿನ ತಿಂಡಿ ಸೇರುವುದಿಲ್ಲ ಎಂದಿದ್ದೀರಿ. ಖಿನ್ನತೆಯಲ್ಲಿ ಹಸಿವು ತಾನಾಗಿ ಆಗುವುದನ್ನು ಕಾಯುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಗಡಿಯಾರ ನೋಡಿ ತಿನ್ನುವುದೇ ಈಗಿನ ಮಟ್ಟಿಗೆ ಸರಿಯಾದ ಕ್ರಮ. ಎದ್ದ ಎರಡು ಗಂಟೆಯೊಳಗೆ ಒಂದು ಹೆಸರುಬೇಳೆ ದೋಸೆ, ಅಥವಾ ಬೇಳೆ ಸಾಂಬಾರಿನೊಡನೆ ಎರಡು ಇಡ್ಲಿ, ಅಥವಾ ತರಕಾರಿ, ಕಡಲೆಕಾಯಿ ಹಾಕಿದ ಒಂದು ಬಟ್ಟಲು ಉಪ್ಪಿಟ್ಟು ಸಾಕು. ಅದೂ ಆಗದ ದಿನ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಿರಿ, ಜೊತೆಗೆ ನಾಲ್ಕು ಬಾದಾಮಿಯೋ ಒಂದು ಹಿಡಿ ಹುರಿದ ಕಡಲೆಯೋ ಇರಲಿ. ಮೆಟ್‌ಫಾರ್ಮಿನ್ ಅನ್ನು ಊಟ ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುತ್ತದೆ, ತಿಂಡಿ ಸೇರದಿರುವುದಕ್ಕೆ ಅದೂ ಕಾರಣವಾಗಿರಬಹುದು.

ಕಾಫಿಯನ್ನು ಪೂರ್ತಿ ಬಿಡಿ ಎಂದು ಹಾಸನದವರಿಗೆ ನಾನು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಎರಡು ಲೋಟಕ್ಕೆ ಇಳಿಸಿ, ಎರಡನೆಯದನ್ನು ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ಎದೆ ಡವಡವ, ಕೈ ನಡುಕ, ಸುಮ್ಮಸುಮ್ಮನೆ ಗಾಬರಿ ಇದ್ದರೆ ಅದರಲ್ಲಿ ಒಂದು ಪಾಲು ಆರು ಲೋಟ ಕಾಫಿಯದೂ ಇರಬಹುದು. ಒಮ್ಮೆಲೇ ಕಡಿಮೆ ಮಾಡಿದರೆ ತಲೆನೋವು ಬರುತ್ತದೆ, ಆದ್ದರಿಂದ ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಿ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಸೊಪ್ಪು ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಅವು ತಡೆಯುತ್ತವೆ, ನಿಂಬೆರಸ ಮತ್ತು ನೆಲ್ಲಿಕಾಯಿ ಹೀರಿಕೊಳ್ಳಲು ನೆರವಾಗುತ್ತವೆ.

ವಿಟಮಿನ್‌ಗಳ ವಿಷಯದಲ್ಲಿ ನನ್ನ ಸಲಹೆ: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಸಸ್ಯಾಹಾರ ಮತ್ತು ಐದು ವರ್ಷದ ಮೆಟ್‌ಫಾರ್ಮಿನ್. ವಿಟಮಿನ್ ಬಿ12 ನಮಗೆ ಸಿಗುವುದು ಪ್ರಾಣಿಮೂಲದ ಆಹಾರದಿಂದ. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಅದರ ಆಸರೆ, ಮೆಟ್‌ಫಾರ್ಮಿನ್ ಅದನ್ನು ಹೀರಿಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಹೊಟ್ಟೆಯುರಿಗೆಂದು ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಯನ್ನು ದೀರ್ಘಕಾಲ ನುಂಗುವವರಲ್ಲಿಯೂ ಹೀಗಾಗುತ್ತದೆ. ಬಿ12 ಕೊರತೆಯಲ್ಲಿ ಸುಸ್ತು, ಮರೆವು, ಕೈಕಾಲು ಜೋಮು, ಮನಸ್ಸು ಮಂಕಾಗುವುದು ಎಲ್ಲವೂ ಕಾಣಿಸಿಕೊಳ್ಳಬಹುದು, ಅವು ಖಿನ್ನತೆಯ ಲಕ್ಷಣಗಳೊಡನೆ ಬೆರೆತುಹೋಗುತ್ತವೆ. ರಕ್ತದಲ್ಲಿ ಬಿ12 ಪ್ರಮಾಣ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದೂ 200ರಿಂದ 300ರವರೆಗೆ ಅನುಮಾನಾಸ್ಪದ ಎಂದೂ ಪರಿಗಣಿಸುತ್ತೇವೆ. ಕೊರತೆಯಿದ್ದರೆ ಅದನ್ನು ಊಟದಿಂದಷ್ಟೇ ತುಂಬಲಾಗದು. ಮಾತ್ರೆ ಅಥವಾ ಇಂಜೆಕ್ಷನ್ ಬೇಕಾಗುತ್ತದೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ಬಿ12ಗಾಗಿ ನಂಬಬೇಡಿ, ಅದರಲ್ಲಿರುವುದರ ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪ. ಬಿ12 ನೋಡಿಸದೆ ಫೋಲಿಕ್ ಆಸಿಡ್ ಮಾತ್ರೆಯನ್ನಷ್ಟೇ ತೆಗೆದುಕೊಳ್ಳುವುದೂ ತಪ್ಪು; ರಕ್ತಹೀನತೆ ಸರಿಹೋದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಇದರೊಡನೆ ಥೈರಾಯ್ಡ್‌ನ ಟಿಎಸ್‌ಎಚ್, ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗಳು ಆಗಿಲ್ಲವಾದರೆ ಮಾಡಿಸಿ. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಖಿನ್ನತೆಯನ್ನೇ ಹೋಲುವ ಚಿತ್ರ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇರುವಾಗ, ನಿಮ್ಮ ಸುಸ್ತಿನಲ್ಲಿ ಅದರ ಪಾಲು ಎಷ್ಟು ಎಂದು ನೋಡದೆ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಒಂದನ್ನೊಂದು ಕೆಡಿಸುತ್ತವೆ ಎನ್ನುವುದೂ ನೆನಪಿರಲಿ. ವಿಟಮಿನ್ ಡಿ ಬಗ್ಗೆ ಜನರ ನಿರೀಕ್ಷೆ ದೊಡ್ಡದು. ಆದರೆ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಮಂದಿಯ ಮೇಲೆ ಸುಮಾರು ಐದು ವರ್ಷ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಖಿನ್ನತೆ ಕಡಿಮೆಯಾಗಲಿಲ್ಲ. ಕೊರತೆಯಿದ್ದರೆ ಮೂಳೆಗಾಗಿ ಸರಿಪಡಿಸಿಕೊಳ್ಳಿ. 60,000 ಯೂನಿಟ್‌ನ ಪುಡಿಯನ್ನು ಮೆಡಿಕಲ್ ಶಾಪಿನಿಂದ ತಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಬೆಳಗಿನ ನಡಿಗೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸಮಾಧಾನ ತರಬಹುದು: ಬೆಳಿಗ್ಗೆ ನಡೆಯಬೇಡಿ. ನಿಮ್ಮಂತಹ ಖಿನ್ನತೆಯಲ್ಲಿ ಮನಸ್ಸು ಅತ್ಯಂತ ಭಾರವಾಗಿರುವುದು ನಸುಕಿನಲ್ಲಿ, ಸಂಜೆಯ ಹೊತ್ತಿಗೆ ಸ್ವಲ್ಪ ಹಗುರವಾಗುತ್ತದೆ. ದಿನದ ಅತಿ ಕಷ್ಟದ ಗಳಿಗೆಯಲ್ಲಿಯೇ ಅತಿ ಕಷ್ಟದ ಕೆಲಸವನ್ನು ಇಟ್ಟುಕೊಂಡು ಸೋಲುವುದಕ್ಕಿಂತ, ಸಂಜೆ ಐದರ ಸುಮಾರಿಗೆ ಮಗಳ ಜೊತೆ ಹತ್ತು ನಿಮಿಷ ಹೋಗಿ ಬನ್ನಿ. ಬೆಳಿಗ್ಗೆ ಮಾಡಬೇಕಾದದ್ದು ಒಂದೇ, ಆ ಮೊದಲ ಕಾಫಿಯನ್ನು ಒಳಮನೆಯಲ್ಲಿ ಕುಡಿಯದೆ ಜಗಲಿಯಲ್ಲಿಯೋ ಅಂಗಳದಲ್ಲಿಯೋ ಬೆಳಕಿಗೆ ಕೂತು ಕುಡಿಯುವುದು. ಬೆಳಗಿನ ಬೆಳಕು ದೇಹದ ನಿದ್ದೆ ಎಚ್ಚರದ ಚಕ್ರವನ್ನು ಹಳಿಗೆ ತರುತ್ತದೆ. ಹತ್ತು ನಿಮಿಷದ ನಡಿಗೆ ಒಂದು ವಾರ ನಿಂತರೆ ಹದಿನೈದಕ್ಕೆ ಏರಿಸಿ. ವಾರಕ್ಕೆ 150 ನಿಮಿಷ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿದ ಕನಿಷ್ಠ ಗುರಿ. ಅಲ್ಲಿಗೆ ತಲುಪಲು ಎರಡು ತಿಂಗಳಾದರೂ ಚಿಂತೆಯಿಲ್ಲ.

ವ್ಯಾಯಾಮದ ಪ್ರಯೋಜನವನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿದ್ದ 50 ವರ್ಷ ದಾಟಿದ 156 ಮಂದಿಯಲ್ಲಿ ಕೆಲವರಿಗೆ ವಾರಕ್ಕೆ ಮೂರು ದಿನದ ವ್ಯಾಯಾಮ, ಕೆಲವರಿಗೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಉಳಿದವರಿಗೆ ಎರಡೂ ಕೊಟ್ಟು 16 ವಾರದ ನಂತರ ನೋಡಿದಾಗ ಮೂರು ಗುಂಪುಗಳ ಸುಧಾರಣೆ ಹತ್ತಿರಹತ್ತಿರ ಒಂದೇ ಆಗಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಸುಧಾರಣೆ ಸ್ವಲ್ಪ ಬೇಗ ಆರಂಭವಾಯಿತು. 2024ರಲ್ಲಿ 218 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆಯಲ್ಲಿಯೂ ನಡಿಗೆ ಅಥವಾ ನಿಧಾನದ ಓಟ, ಯೋಗ, ಭಾರ ಎತ್ತುವ ವ್ಯಾಯಾಮಗಳು ಮುಂದಿದ್ದವು. ಆದರೆ ಡ್ಯೂಕ್‌ನಲ್ಲಿ ನಡೆದವರು ಒಬ್ಬಂಟಿಯಾಗಿ ನಡೆಯಲಿಲ್ಲ. ಗುಂಪಿನಲ್ಲಿ, ಮೇಲ್ವಿಚಾರಕರ ಜೊತೆಯಲ್ಲಿ, ನಿಗದಿಯಾದ ಹೊತ್ತಿಗೆ ಬಂದರು. ನಿಮಗೂ ಬೇಕಾದದ್ದು ಆ ಜೊತೆ. “ವಾಕಿಂಗ್ ಹೋಗು” ಎಂದು ಹೇಳುವವರಿಗಿಂತ “ಚಪ್ಪಲಿ ಹಾಕಿಕೊ, ನಾನೂ ಬರುತ್ತೇನೆ” ಎನ್ನುವವರಿಂದ ರೋಗಿಗೆ ಹೆಚ್ಚು ಉಪಕಾರ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಕ್ರಮ ತಿರುವುಮುರುವು, ಮೊದಲು ಕೆಲಸ ನಡೆಯುತ್ತದೆ, ಆಸಕ್ತಿ ವಾರಗಳ ನಂತರ ಹಿಂದಿನಿಂದ ಬರುತ್ತದೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ಓಡಾಡಿದರೆ ಸಕ್ಕರೆಯ ಹತೋಟಿಗೂ ಒಳ್ಳೆಯದು.

ನಿದ್ದೆಯ ಬಗ್ಗೆ ಎರಡೇ ಮಾತು. ಮಲಗುವ ಹೊತ್ತು ಹಿಂದೆ ಮುಂದೆ ಆದರೂ ಏಳುವ ಹೊತ್ತು ದಿನವೂ ಒಂದೇ ಇರಲಿ, ಹಗಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಮಲಗಬೇಡಿ. ನಸುಕಿನಲ್ಲಿ ಎಚ್ಚರವಾದರೆ ಮೊಬೈಲ್ ಹಿಡಿಯದೆ, ಹಾಸಿಗೆಯಲ್ಲಿ ಹೊರಳಾಡದೆ, ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ನಿದ್ದೆ ತೂಗಿದಾಗ ಮರಳಿ ಬನ್ನಿ.

ಅಶ್ವಗಂಧ, ಬ್ರಾಹ್ಮಿ, “ಮನಸ್ಸಿನ ಶಾಂತಿಗೆ” ಎಂದು ಮಾರುವ ಪುಡಿ, ಲೇಹ್ಯಗಳನ್ನು ನಿಮ್ಮ ಮನೋವೈದ್ಯರಿಗೆ ತಿಳಿಸದೆ ಆರಂಭಿಸಬೇಡಿ. ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಬದಲಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಹಾನಿ ಮಾಡಿದ ವರದಿಗಳೂ ಇವೆ. ಸೇಂಟ್ ಜಾನ್ಸ್ ವರ್ಟ್ ಎಂಬ ವಿದೇಶಿ ಗಿಡಮೂಲಿಕೆ ಎಸಿಟಲೊಪ್ರಾಮ್ ಜೊತೆ ಸೇರಿದರೆ ಅಪಾಯ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಪದೇಪದೇ ನುಂಗುವುದೂ ಬೇಡ, ಎಸಿಟಲೊಪ್ರಾಮ್ ಜೊತೆ ಅವು ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ನಾನು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಬದುಕಿರುವುದೇ ಬೇಡ, ಮಲಗಿದವಳು ಏಳದಿದ್ದರೆ ಸಾಕು ಎಂಬ ಯೋಚನೆ ಬರುತ್ತದೆಯೇ? ಬಂದರೆ ಅದು ನಿಮ್ಮ ದೌರ್ಬಲ್ಯವಲ್ಲ, ಕಾಯಿಲೆಯ ಲಕ್ಷಣ. ಅದನ್ನು ಅದೇ ದಿನ ಮನೆಯವರಲ್ಲಿ ಒಬ್ಬರಿಗೆ ಹೇಳಿ, ವೈದ್ಯರ ಮುಂದಿನ ದಿನಾಂಕಕ್ಕೆ ಕಾಯದೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರು ಗಮನಿಸಬೇಕಾದದ್ದು: ಎರಡು ದಿನ ಏನನ್ನೂ ತಿನ್ನದಿರುವುದು, ಮಾತು ಪೂರ್ತಿ ನಿಲ್ಲಿಸುವುದು, ಒಡವೆ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚುವುದು, ಅಥವಾ ತದ್ವಿರುದ್ಧವಾಗಿ ನಿದ್ದೆಯೇ ಬೇಡವೆನ್ನುವಷ್ಟು ಅತಿ ಉತ್ಸಾಹ, ಅತಿ ಮಾತು. ಇವುಗಳಲ್ಲಿ ಯಾವುದು ಕಂಡರೂ ಊಟ, ನಡಿಗೆಯ ಮಾತು ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಖಾಸಗಿ ವೈದ್ಯರ ಖರ್ಚು ಭಾರವಾದರೆ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ.

ಕೊನೆಯದಾಗಿ ನವರಾತ್ರಿಯ ಒಪ್ಪೊತ್ತು. ಈ ವರ್ಷ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಈಗಾಗಲೇ ನೀವು ಹೆಚ್ಚುಕಡಿಮೆ ಒಪ್ಪೊತ್ತಿನಲ್ಲಿಯೇ ಇದ್ದೀರಿ. ಅದರ ಮೇಲೆ ವ್ರತವೂ ಸೇರಿದರೆ, ಕಷ್ಟಪಟ್ಟು ಮರಳುತ್ತಿರುವ ಊಟದ ಹೊತ್ತುಗಳು ಒಂಬತ್ತು ದಿನದಲ್ಲಿ ತಪ್ಪಿಹೋಗುತ್ತವೆ, ಮೆಟ್‌ಫಾರ್ಮಿನ್ ಹೊತ್ತೂ ಏರುಪೇರಾಗುತ್ತದೆ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಡುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಜ್ವರ ಬಂದವರನ್ನು, ಬಾಣಂತಿಯರನ್ನು ಯಾರೂ ಒಪ್ಪೊತ್ತು ಮಾಡಿಸುವುದಿಲ್ಲ. ಖಿನ್ನತೆಯೂ ಅಂತಹದ್ದೇ ಕಾಯಿಲೆ ಎಂದು ಅತ್ತೆಯವರಿಗೆ ನಿಮ್ಮ ಯಜಮಾನರು ಹೇಳಲಿ. ಆ ಹೊಣೆ ನಿಮ್ಮ ಮೇಲೆ ಬೇಡ. ಪೂಜೆ, ಹಾಡು, ಅರಿಶಿನ ಕುಂಕುಮಕ್ಕೆ ನೆರೆಮನೆಗೆ ಹೋಗಿಬರುವುದು ಇವುಗಳಲ್ಲಿ ನಿಮಗೆ ಆಗುವಷ್ಟರಲ್ಲಿ ಭಾಗವಹಿಸಿ. ನಾಲ್ಕು ಜನರ ನಡುವೆ ಅರ್ಧ ಗಂಟೆ ಕೂರುವುದೂ ಚಿಕಿತ್ಸೆಗೆ ಪೂರಕವೇ. ಹಬ್ಬದ ಕಡಲೆಕಾಳಿನ ಉಸಲಿಯನ್ನು ಮಾತ್ರ ಪ್ರಸಾದದಷ್ಟು ತಿನ್ನದೆ, ಒಂದು ಬಟ್ಟಲು ತುಂಬ ಹಾಕಿಸಿಕೊಳ್ಳಿ.